ಟೇಪಿನಲ್ಲಿ ಉಳಿದ ರಾತ್ರಿಗಳು

ಗ್ರೇಟ್‌ಫುಲ್ ಡೆಡ್ 1965ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಆಸುಪಾಸಿನಲ್ಲಿ ಹುಟ್ಟಿದ ರಾಕ್ ತಂಡ. ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ 1995ರಲ್ಲಿ ತೀರಿಕೊಳ್ಳುವವರೆಗೆ ಅದು ನಡೆಸಿದ ಕಛೇರಿಗಳು ಸುಮಾರು 2,300. ಈ ಮೂವತ್ತು ವರ್ಷಗಳಲ್ಲಿ ಅಮೆರಿಕದ ಮೊದಲ ಹತ್ತು ಜನಪ್ರಿಯ ಹಾಡುಗಳ ಪಟ್ಟಿಗೆ ಏರಿದ್ದು ತಂಡದ ಒಂದೇ ಹಾಡು, ಅದೂ 1987ರಲ್ಲಿ. ಆದರೂ ಕ್ರೀಡಾಂಗಣಗಳು ತುಂಬುತ್ತಿದ್ದವು. ಕೆಲಸ ಬಿಟ್ಟು, ಹಳೇ ವ್ಯಾನಿನಲ್ಲೇ ಮಲಗಿ, ಊರಿಂದೂರಿಗೆ ತಂಡದ ಬೆನ್ನು ಹತ್ತಿದ ಅಭಿಮಾನಿಗಳಿಗೆ ‘ಡೆಡ್‌ಹೆಡ್’ ಎಂಬ ಹೆಸರೇ ಬಿತ್ತು.

ನಿನ್ನೆ ಕೇಳಿದ್ದು ಇವತ್ತು ಸಿಗುತ್ತಿರಲಿಲ್ಲ, ಅದೇ ಈ ಹುಚ್ಚಿನ ಮೂಲ. ಯಾವ ಹಾಡಿನ ಹಿಂದೆ ಯಾವುದು ಬರುತ್ತದೆಂಬುದು ಬಹುಪಾಲು ವೇದಿಕೆಯ ಮೇಲೆಯೇ ತೀರ್ಮಾನವಾಗುತ್ತಿತ್ತು. ಒಂದು ಹಾಡು ಕರಗಿ ಇನ್ನೊಂದಕ್ಕೆ ಜಾರುತ್ತಿತ್ತು. ‘ಡಾರ್ಕ್ ಸ್ಟಾರ್’ ಎಂಬ ಹಾಡು 1968ರ ಸ್ಟುಡಿಯೊ ಮುದ್ರಣದಲ್ಲಿ ಮೂರು ನಿಮಿಷವೂ ಇಲ್ಲ. ಮರುವರ್ಷದ ‘ಲೈವ್/ಡೆಡ್’ ಆಲ್ಬಮಿನಲ್ಲಿ ಅದೇ ಹಾಡು 23 ನಿಮಿಷ ಹರಿಯುತ್ತದೆ. ಎಷ್ಟೋ ರಾತ್ರಿ ಈ ಹುಡುಕಾಟ ದಾರಿ ತಪ್ಪಿ ಸಪ್ಪೆಯಾದದ್ದೂ ಉಂಟು. ಅದನ್ನೂ ಅಭಿಮಾನಿಗಳು ಕೂತು ಕೇಳಿದರು. ಒಂದೇ ಪ್ರಸಂಗವನ್ನು ಹತ್ತು ಬಯಲಾಟಗಳಲ್ಲಿ ನೋಡಿ, ಭಾಗವತರು ಈ ಸಲ ಪದ್ಯವನ್ನು ಹೇಗೆ ಎತ್ತಿಕೊಂಡರೆಂದು ಚರ್ಚಿಸುವ ಕರಾವಳಿಯ ಯಕ್ಷಗಾನಪ್ರಿಯರಿಗೆ ಇದು ಹೊಸ ರೋಗವೆನಿಸದು.

ಮತ್ತೆ ಸಿಗದ್ದನ್ನು ಹಿಡಿದಿಟ್ಟುಕೊಳ್ಳುವ ಆಸೆಯಿಂದ ‘ಟೇಪರ್’ಗಳು ಹುಟ್ಟಿದರು. ಉದ್ದನೆಯ ಕೋಲಿನ ತುದಿಯಲ್ಲಿ ಮೈಕ್, ಕಾಲಬುಡದಲ್ಲಿ ರೆಕಾರ್ಡರ್, ಅದರೊಳಗೆ 90 ನಿಮಿಷದ ಕ್ಯಾಸೆಟ್. ಒಂದು ಮಗ್ಗುಲಿಗೆ 45 ನಿಮಿಷ ಮಾತ್ರ; ಹಾಗಾಗಿ ಟೇಪರ್‌ನ ಒಂದು ಕಣ್ಣು ಸದಾ ಗಡಿಯಾರದ ಮೇಲೆ. ಹಾಡು ಮುಗಿದು ಇನ್ನೊಂದು ಶುರುವಾಗುವ ಆ ಕ್ಷಣದಲ್ಲೇ ಕ್ಯಾಸೆಟ್ ಮಗುಚಬೇಕು, ತಪ್ಪಿದರೆ ಹಾಡಿನ ನಡು ಮುರಿಯುತ್ತದೆ. ಪಕ್ಕದವರು ಕಿರುಚಿದರೆ ಅದೂ ಟೇಪಿಗೆ ಬೀಳುತ್ತದೆ. ಮುದ್ರಿಸಿಕೊಳ್ಳಲು ಬಂದವನಿಗೇ ಕುಣಿಯುವ ಭಾಗ್ಯವಿಲ್ಲ.

ಇಂಥ ಯಂತ್ರ ಕಂಡರೆ ಕಿತ್ತುಕೊಳ್ಳುವುದು ಆಗ ರಾಕ್ ಲೋಕದ ವಾಡಿಕೆ. ಡೆಡ್ ತಂಡ ಬಹುಮಟ್ಟಿಗೆ ಕಂಡೂ ಕಾಣದಂತಿತ್ತು. ಕೊನೆಗೆ ಮೈಕ್ ಕೋಲುಗಳ ಕಾಡು ಬೆಳೆದು ಧ್ವನಿ ನಿಯಂತ್ರಿಸುವವರಿಗೆ ವೇದಿಕೆಯೇ ಕಾಣದಾದಾಗ, 1984ರ ಅಕ್ಟೋಬರಿನಲ್ಲಿ ಟೇಪರ್‌ಗಳಿಗೆಂದೇ ಸೌಂಡ್‌ಬೋರ್ಡಿನ ಹಿಂದೆ ಜಾಗ ಬಿಟ್ಟು, ಪ್ರತ್ಯೇಕ ಟಿಕೆಟ್ ಮಾರತೊಡಗಿತು. ಷರತ್ತು ಒಂದೇ: ಟೇಪ್ ಹಂಚಬಹುದು, ಮಾರುವಂತಿಲ್ಲ. ಜಾಹೀರಾತಿಗೆ ಕಾಸು ಸುರಿದವರಿಗೂ ಸಿಗದ ಪ್ರಚಾರ ತಂಡಕ್ಕೆ ಪುಕ್ಕಟೆಯಾಗಿ ದಕ್ಕಿತು.

ಹಂಚಿಕೆ ಅಂಚೆಯಲ್ಲಿ ನಡೆಯುತ್ತಿತ್ತು. ಖಾಲಿ ಕ್ಯಾಸೆಟ್ಟನ್ನೂ ವಾಪಸು ಕಳಿಸಲು ಬೇಕಾದ ಅಂಚೆಚೀಟಿಯನ್ನೂ ಕಳಿಸಿದರೆ, ಗುರುತಿಲ್ಲದವರೂ ಪ್ರತಿ ಮಾಡಿ ಕಳಿಸುತ್ತಿದ್ದರು. ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ಬುಸ್ಸೆನ್ನುವ ಸದ್ದು ಹೆಚ್ಚುತ್ತದೆ. ಆದ್ದರಿಂದ ಕೈಗೆ ಬಂದ ಟೇಪು ಎಷ್ಟನೇ ತಲೆಮಾರಿನದು ಎಂಬುದೇ ಅದರ ಘನತೆ.

ಇವರ ಮಾತಿನಲ್ಲಿ ರಾತ್ರಿಗಳಿಗೆ ತಾರೀಖೇ ಹೆಸರು. ಅವುಗಳಲ್ಲಿ ಹೆಚ್ಚು ಹೊಗಳಿಸಿಕೊಂಡದ್ದು 1977ರ ಮೇ 8, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ಅಂದು ತಂಡದ ಧ್ವನಿತಜ್ಞೆ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಸೌಂಡ್‌ಬೋರ್ಡಿನಿಂದಲೇ ಮುದ್ರಿಸಿಕೊಂಡ ಟೇಪಿನ ಪ್ರತಿಗಳು ದಶಕಗಳ ಕಾಲ ಕೈಯಿಂದ ಕೈಗೆ ದಾಟಿದವು. 2012ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಆ ಕಛೇರಿಯನ್ನು ಸಂರಕ್ಷಿಸಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಅಧಿಕೃತ ಆಲ್ಬಮ್ ಆಗಿ ಅದು ಮಾರುಕಟ್ಟೆಗೆ ಬಂದದ್ದು 2017ರಲ್ಲಿ, ಅಭಿಮಾನಿಗಳಿಗೆ ಬಾಯಿಪಾಠವಾಗಿ ಎಷ್ಟೋ ವರ್ಷದ ಮೇಲೆ. 1977ರ ಅದೇ ಮೇ ತಿಂಗಳಲ್ಲಿ ಅದಕ್ಕಿಂತ ಚೆನ್ನಾಗಿ ನುಡಿಸಿದ್ದರು ಎಂದು ವಾದಿಸುವವರು ಇಂದಿಗೂ ಇದ್ದಾರೆ.

ಇಂಥ ಟೇಪುಗಳ ಒಬ್ಬ ಸಂಗ್ರಹಕಾರ, ಡಿಕ್ ಲಾಟ್ವಾಲಾ, ಮುಂದೆ ತಂಡದ ಟೇಪ್ ಭಂಡಾರದ ಉಸ್ತುವಾರಿಯಾದ. ಅವನು ಆರಿಸಿದ ಕಛೇರಿಗಳು 1993ರಿಂದ ‘ಡಿಕ್ಸ್ ಪಿಕ್ಸ್’ ಎಂಬ ಸರಣಿಯಾಗಿ ಹೊರಬಂದವು. ಕ್ಯಾಸೆಟ್ಟುಗಳ ಕಾಲ ಮುಗಿದ ಮೇಲೆ ಸಾವಿರಾರು ಮುದ್ರಣಗಳು ಇಂಟರ್ನೆಟ್ ಆರ್ಕೈವ್ ಸೇರಿವೆ. ಅಲ್ಲಿ ಎಷ್ಟೋ ರಾತ್ರಿಗಳಿಗೆ ಒಂದಕ್ಕಿಂತ ಹೆಚ್ಚು ಟೇಪುಗಳಿವೆ. ಯಾವ ಮೈಕ್, ಯಾವ ರೆಕಾರ್ಡರ್, ಯಾವ ಹಾಡಿನ ನಡುವೆ ಕ್ಯಾಸೆಟ್ ಮಗುಚಲಾಯಿತು ಎಂಬ ಟಿಪ್ಪಣಿಯೂ ಹಲವಕ್ಕೆ ಜೊತೆಗಿದೆ.