ಯಂತ್ರದಲ್ಲಿ ಸುಲಿದರೆ ಅಡಿಕೆ ತೂಕ ಕಡಿಮೆ ಬೀಳುತ್ತದೆಯೇ?

ಅಡಿಕೆ ಕೊಯ್ಲು ಶುರುವಾಯಿತೆಂದರೆ ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಕಡೆಯ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದು ಚರ್ಚೆ ತಪ್ಪದೆ ಹುಟ್ಟುತ್ತದೆ. ‘ಯಂತ್ರಕ್ಕೆ ಹಾಕಿದರೆ ಕ್ವಿಂಟಾಲಿಗೆ ಒಂದು ಕೆ.ಜಿ. ಕಡಿಮೆ ಬೀಳುತ್ತದೆ’, ‘ಯಂತ್ರದ ಬಿಸಿಗೆ ಅಡಿಕೆಯ ಸತ್ವ ಹೋಗುತ್ತದೆ’, ‘ಕೈಯಲ್ಲಿ ಸುಲಿಸಿದವರಿಗೆ 14 ಬಿದ್ದಿದೆ, ನಮಗೆ 12 ಮಾತ್ರ’ ಎನ್ನುವ ಮಾತುಗಳು ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತವೆ.

ಇದು ಬರೀ ಹರಟೆಯ ವಿಷಯವಲ್ಲ. 100 ಕ್ವಿಂಟಾಲ್ ಹಸಿ ಅಡಿಕೆ ಬೆಳೆಯುವವರಿಗೆ ಕ್ವಿಂಟಾಲಿಗೆ ಒಂದು ಕೆ.ಜಿ. ವ್ಯತ್ಯಾಸವಾದರೆ ಒಟ್ಟು ಒಂದು ಕ್ವಿಂಟಾಲ್ ಒಣ ಅಡಿಕೆಯೇ ಹೋಯಿತು. ಕ್ವಿಂಟಾಲಿಗೆ 50,000 ರೂಪಾಯಿ ಎಂದಿಟ್ಟುಕೊಂಡರೂ ಅಷ್ಟು ಹಣ. ತೋಟವನ್ನು ಚೇಣಿಗೆ ಕೊಡುವವರು, ಹಸಿ ಅಡಿಕೆಯನ್ನೇ ತೂಗಿ ಮಾರುವವರು, ಯಂತ್ರ ತರಿಸಿ ಸುಲಿಸುವವರು ಎಲ್ಲರ ಲೆಕ್ಕವೂ ಈ ಒಂದು ಸಂಖ್ಯೆಯ ಮೇಲೆ ನಿಂತಿದೆ. ಹಾಗಾದರೆ ಈ ಮಾತುಗಳಲ್ಲಿ ಎಷ್ಟು ನಿಜ? ನೋಡೋಣ.

100 ಕೆ.ಜಿ. ಹೋಗಿ 13 ಆಗುವುದು ಹೇಗೆ?

ಮಲೆನಾಡಿನಲ್ಲಿ ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿ ಕೆಂಪಡಿಕೆ ಮಾಡುತ್ತಾರೆ. ಸಾಮಾನ್ಯವಾಗಿ 100 ಕೆ.ಜಿ. ಹಸಿ ಅಡಿಕೆಗೆ 12ರಿಂದ 14 ಕೆ.ಜಿ. ಒಣ ಅಡಿಕೆ ಬೀಳುತ್ತದೆ. ಉಳಿದ 86–88 ಕೆ.ಜಿ. ಎಲ್ಲಿ ಹೋಯಿತು ಎಂದು ತಿಳಿದರೆ ಅರ್ಧ ಗೊಂದಲ ಬಗೆಹರಿಯುತ್ತದೆ.

ಮೊದಲು ಹೋಗುವುದು ಸಿಪ್ಪೆ. ಹಸಿ ಕಾಯಿಯ ತೂಕದಲ್ಲಿ ಶೇ. 60ರಿಂದ 80ರಷ್ಟು ಸಿಪ್ಪೆಯೇ ಇರುತ್ತದೆ. ಉದಾಹರಣೆಗೆ 68 ಕೆ.ಜಿ. ಸಿಪ್ಪೆ ಹೋಯಿತು ಎನ್ನೋಣ. ಕೈಗೆ 32 ಕೆ.ಜಿ. ಹಸಿ ಬೇಳೆ ಸಿಕ್ಕಿತು. ಇದರಲ್ಲೂ ಹೆಚ್ಚಿನ ಪಾಲು ನೀರು. ಶೇ. 63 ನೀರು ಎಂದಿಟ್ಟುಕೊಂಡರೆ ನಿಜವಾದ ಗಟ್ಟಿ ಪದಾರ್ಥ 12 ಕೆ.ಜಿ.ಗಿಂತ ಸ್ವಲ್ಪ ಕಡಿಮೆ. ಒಣಗಿದ ಮೇಲೂ ಅಡಿಕೆಯಲ್ಲಿ ಒಂದಿಷ್ಟು ತೇವ ಉಳಿಯುತ್ತದೆ. ಶೇ. 10ರಷ್ಟು ತೇವ ಸೇರಿಸಿದರೆ ತಕ್ಕಡಿಯಲ್ಲಿ ಬರುವುದು ಸುಮಾರು 13.2 ಕೆ.ಜಿ.

ಅಂದರೆ ಕೊನೆಯಲ್ಲಿ ನಮಗೆ ಸಿಗುವುದು ಕಾಯಿಯ ಒಳಗೆ ಮೊದಲೇ ಕೂಡಿಕೊಂಡಿದ್ದ ಗಟ್ಟಿ ಪದಾರ್ಥ ಮಾತ್ರ. ಮೆಟ್ಟುಗತ್ತಿಯಾಗಲಿ ಯಂತ್ರವಾಗಲಿ ಅದನ್ನು ಹೆಚ್ಚಿಸಲಾರವು. ಸುಲಿಯುವಾಗ ಒಂದಿಷ್ಟನ್ನು ಕಳೆಯಬಲ್ಲವು, ಅಷ್ಟೇ.

ಯಂತ್ರ ಎಷ್ಟು ಕಳೆಯಬಲ್ಲದು?

ಯಂತ್ರದಲ್ಲಿ ತೂಕ ಕಳೆದುಹೋಗಲು ಇರುವ ದಾರಿಗಳು ಕೆಲವೇ. ಬೇಳೆಯ ಚೂರುಗಳು ಸಿಪ್ಪೆಯ ಜೊತೆ ಹೊರಗೆ ಬೀಳಬಹುದು. ಎಳೆಯ ಬೇಳೆ ಜಜ್ಜಿ ಹೋಗಬಹುದು. ಸುಲಿಯದ ಅಥವಾ ಅರ್ಧ ಸುಲಿದ ಕಾಯಿಗಳು ಸಿಪ್ಪೆಯ ರಾಶಿಗೆ ಸೇರಿಬಿಡಬಹುದು. ಇನ್ನೊಂದು ಸಣ್ಣ ದಾರಿಯಿದೆ. ಗಾಯವಾದ, ಒಡೆದ ಬೇಳೆಯಿಂದ ಬೇಯಿಸುವಾಗ ಚೊಗರಿಗೆ ಇಳಿಯುವ ಅಂಶ ಸ್ವಲ್ಪ ಹೆಚ್ಚಾಗಬಹುದು.

‘ಬಿಸಿಗೆ ಸತ್ವ ಹೋಗುತ್ತದೆ’ ಎನ್ನುವುದಕ್ಕೆ ಮಾತ್ರ ಆಧಾರವಿಲ್ಲ. ಕಾಯಿ ಯಂತ್ರದೊಳಗೆ ಇರುವುದು ಕೆಲವೇ ಕ್ಷಣ. ಅದೇ ಅಡಿಕೆಯನ್ನು ಆಮೇಲೆ ಹಂಡೆಯಲ್ಲಿ ಕುದಿಯುವ ಚೊಗರಿನಲ್ಲಿ ನಾವೇ ಬೇಯಿಸುತ್ತೇವೆ. ಕುದಿಯುವುದರಲ್ಲಿ ಉಳಿಯುವ ಸತ್ವ ಯಂತ್ರದ ತಿಕ್ಕಾಟಕ್ಕೆ ಹಾರಿಹೋಗುವುದು ಹೇಗೆ?

ಈಗ ಲೆಕ್ಕ ಹಾಕೋಣ. ಯಂತ್ರ ಸರಿಯಿಲ್ಲದೆ ಬೇಳೆಯ ಶೇ. 2ರಷ್ಟು ಚೂರಾಗಿ ಸಿಪ್ಪೆಯ ಪಾಲಾಯಿತು ಎನ್ನಿ. 13.2 ಕೆ.ಜಿ. ಬೀಳಬೇಕಿದ್ದಲ್ಲಿ ಸುಮಾರು 12.9 ಬೀಳುತ್ತದೆ. ವ್ಯತ್ಯಾಸ ಕಾಲು ಕೆ.ಜಿ. ಚಿಲ್ಲರೆ. ಒಂದು ಕೆ.ಜಿ. ಪೂರ್ತಿ ಹೋಗಬೇಕಾದರೆ ಶೇ. 7ಕ್ಕಿಂತ ಹೆಚ್ಚು ಬೇಳೆ ಸಿಪ್ಪೆಯ ರಾಶಿಯಲ್ಲಿ ಇರಬೇಕು. ಅಷ್ಟು ಹೋಗಿದ್ದರೆ ಸಿಪ್ಪೆಯ ಮೇಲೆ ಕೈಯಾಡಿಸಿದ ಕೂಡಲೇ ಕಣ್ಣಿಗೆ ಬೀಳುತ್ತದೆ.

ಹಾಗಾಗಿ ‘ಯಂತ್ರದಿಂದ ತೂಕ ಕಡಿಮೆ’ ಎಂಬ ಮಾತು ಪೂರ್ತಿ ಸುಳ್ಳಲ್ಲ. ಆದರೆ ಯಂತ್ರವನ್ನು ಸರಿಯಾಗಿ ಹೊಂದಿಸಿದ್ದರೆ ಅದರ ಪಾಲು ಚಿಕ್ಕದು. ದೊಡ್ಡ ಕಾರಣಗಳು ಬೇರೆ ಕಡೆ ಇವೆ.

ದೊಡ್ಡ ಕಾರಣ 1: ಕಾಯಿ ಎಷ್ಟು ಬಲಿತಿದೆ?

ಎಳೆ ಕಾಯಿಯಲ್ಲಿ ನೀರು ಹೆಚ್ಚು, ಗಟ್ಟಿ ಪದಾರ್ಥ ಕಡಿಮೆ. ಬಲಿತಷ್ಟೂ ಬೇಳೆ ಗಟ್ಟಿಯಾಗುತ್ತದೆ, ಒಣಗಿದಾಗ ಹೆಚ್ಚು ತೂಕ ಬೀಳುತ್ತದೆ. ಒಂದೇ ತೋಟದ ಮೊದಲ ಕೊಯ್ಲಿಗೂ ಕೊನೆಯ ಕೊಯ್ಲಿಗೂ ತೂಕದಲ್ಲಿ ವ್ಯತ್ಯಾಸ ಬರುವುದು ಇದಕ್ಕೇ. ಪಕ್ಕದ ಮನೆಯವರು ಎರಡು ವಾರ ತಡವಾಗಿ ಕೊನೆ ಇಳಿಸಿದ್ದರೆ ಅವರ 14ಕ್ಕೂ ನಿಮ್ಮ 12ಕ್ಕೂ ಯಂತ್ರದ ಹಂಗೇ ಬೇಕಿಲ್ಲ.

ಹಾಗೆಂದು ತೂಕಕ್ಕಾಗಿ ಕಾಯುತ್ತಾ ಕೂರುವುದು ಲಾಭವಲ್ಲ. ತೀರಾ ಬಲಿತು ಹಣ್ಣಾದ ಅಡಿಕೆ ಗೊರಬಲು ಆಗುತ್ತದೆ. ಗೊರಬಲಿಗೆ ರಾಶಿ ಇಡಿಗಿಂತ ದರ ಬಹಳ ಕಡಿಮೆ. ಎಳೆಯದರಲ್ಲಿ ಮಾಡುವ ಸರಕು, ಬೆಟ್ಟೆಗೆ ತೂಕ ಕಡಿಮೆ ಬಿದ್ದರೂ ದರ ಹೆಚ್ಚು. ಆದ್ದರಿಂದ ‘ಎಷ್ಟು ಬಿತ್ತು’ ಎಂದು ಕೇಳುವಾಗ ‘ಯಾವುದು ಬಿತ್ತು’ ಎಂದೂ ಕೇಳಬೇಕು.

ದೊಡ್ಡ ಕಾರಣ 2: ಮರದ ಆರೋಗ್ಯ

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಭಾಗದ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಕಾಡುತ್ತಿದೆ. ರೋಗ ತಗುಲಿದ ಮರದಲ್ಲಿ ಕಾಯಿ ಕಡಿಮೆಯಾಗುವುದಷ್ಟೇ ಅಲ್ಲ, ಇರುವ ಕಾಯಿಯ ಬೇಳೆಯೂ ಮೆತ್ತಗಾಗಿ ಬಣ್ಣ ಕೆಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಹಸಿರು ಎಲೆ ಕಡಿಮೆಯಾದ ಮರ ಕಾಯಿಗೆ ಆಹಾರ ತುಂಬಿಸಲಾರದು. ಕೊಳೆ ರೋಗಕ್ಕೆ ಹೆದರಿ ಅಥವಾ ಕೊಳೆ ಬಂದು ಉದುರಿ ಬೇಗ ಕೈಗೆ ಬಂದ ಕಾಯಿಗಳಿಗೂ ತೂಕವಿರುವುದಿಲ್ಲ.

ಇಂಥ ಕಾಯಿಯ ಬೇಳೆ ಮೆತ್ತಗಿರುವುದರಿಂದ ಯಂತ್ರದಲ್ಲಿ ಜಜ್ಜುವುದೂ ಹೆಚ್ಚು. ನೋಡುವವರಿಗೆ ಯಂತ್ರದ್ದೇ ತಪ್ಪು ಅನ್ನಿಸುತ್ತದೆ. ಮೂಲ ತೊಂದರೆ ತೋಟದಲ್ಲಿದೆ.

ದೊಡ್ಡ ಕಾರಣ 3: ತೂಗಿದ್ದು ಯಾವಾಗ, ಹೇಗೆ?

ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಮೂರು ಸಂದರ್ಭ ನೋಡಿ.

ಮಳೆಯಲ್ಲಿ ಕೊನೆ ಇಳಿಸಿ, ನೀರು ಸುರಿಯುತ್ತಿರುವಾಗಲೇ ತೂಗಿದಿರಿ. 100 ಕೆ.ಜಿ.ಯಲ್ಲಿ 3 ಕೆ.ಜಿ. ಬರೀ ನೀರು ಮತ್ತು ಕಡ್ಡಿ. ಆಗ 13.2 ಬೀಳುವ ಅಡಿಕೆ 12.8 ಬೀಳುತ್ತದೆ. ಯಂತ್ರ ಶೇ. 2 ಚೂರು ಮಾಡಿದ್ದಕ್ಕಿಂತ ಹೆಚ್ಚಿನ ವ್ಯತ್ಯಾಸ ಇಲ್ಲೇ ಆಯಿತು.

ಎರಡನೆಯದು, ಕಾಯಿಯನ್ನು ಕೆಲವು ದಿನ ರಾಶಿ ಹಾಕಿಟ್ಟು ಆಮೇಲೆ ತೂಗಿದಿರಿ. ಸಿಪ್ಪೆಯ ನೀರು ಆರಿ 100 ಕೆ.ಜಿ. ಇದ್ದದ್ದು 95 ಆಯಿತು ಎನ್ನಿ. ಒಣ ಅಡಿಕೆ ಬೀಳುವುದು ಅದೇ 13.2 ಕೆ.ಜಿ. ಆದರೆ 95ಕ್ಕೆ ಹೋಲಿಸಿ ಲೆಕ್ಕ ಹಾಕಿದರೆ ಕ್ವಿಂಟಾಲಿಗೆ 13.9! ಒಂದು ಗ್ರಾಮೂ ಹೆಚ್ಚು ಸಿಗದೆ ‘ಇಳುವರಿ’ ಏರಿತು. ಹಸಿ ಅಡಿಕೆ ತೂಗಿ ಕೊಡುವವರಿಗೆ ಮಾತ್ರ 5 ಕೆ.ಜಿ. ಕೈಬಿಟ್ಟಿತು.

ಮೂರನೆಯದು ಒಣಗಿಸುವುದು. ಶೇ. 10 ತೇವಕ್ಕೆ ಒಣಗಿಸಿದರೆ 13.2 ಕೆ.ಜಿ. ಬೀಳುವ ಅದೇ ಅಡಿಕೆಯನ್ನು ಶೇ. 15 ತೇವ ಇರುವಾಗಲೇ ತೂಗಿದರೆ ಸುಮಾರು 14 ಕೆ.ಜಿ. ಬರುತ್ತದೆ. ಇದೂ ನೀರಿನ ತೂಕವೇ. ಜೊತೆಗೆ ಬೂಷ್ಟು ಹಿಡಿಯುವ ಅಪಾಯ ಬೇರೆ.

ಈಗ ‘ಅವರಿಗೆ 14, ನಮಗೆ 12’ ಎಂಬ ಮೆಸೇಜನ್ನು ಮತ್ತೊಮ್ಮೆ ಓದಿ. ಕಾಯಿ ಎಷ್ಟು ಬಲಿತಿತ್ತು, ಒದ್ದೆಯಿತ್ತೋ ಇಲ್ಲವೋ, ಕೊಯ್ದು ಎಷ್ಟು ದಿನವಾಗಿತ್ತು, ಎಷ್ಟು ಒಣಗಿಸಿದ್ದರು — ಇವೆಲ್ಲ ಗೊತ್ತಿಲ್ಲದೆ ಆ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಡುವುದರಲ್ಲಿ ಅರ್ಥವಿಲ್ಲ.

ಶೇಂಗಾ, ಮೆಕ್ಕೆಜೋಳದ್ದೂ ಇದೇ ಕಥೆ

ಸಿಪ್ಪೆ ಬಿಡಿಸುವ ಬೆಳೆ ಯಾವುದೇ ಇರಲಿ, ನಿಯಮ ಬಹುತೇಕ ಒಂದೇ. ಚಳ್ಳಕೆರೆ, ಪಾವಗಡ ಕಡೆಯ ಶೇಂಗಾ ನೋಡಿ. 100 ಕೆ.ಜಿ. ಕಾಯಿಗೆ ಸಾಮಾನ್ಯವಾಗಿ 65ರಿಂದ 75 ಕೆ.ಜಿ. ಬೀಜ ಸಿಗುತ್ತದೆ. ಇದು ಎಷ್ಟಾಗಬೇಕೆಂದು ಹೊಲದಲ್ಲೇ ತೀರ್ಮಾನವಾಗಿರುತ್ತದೆ. ಕಾಯಿ ಕಟ್ಟುವಾಗ ಮಣ್ಣಿನಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಕಾಯಿ ಜೊಳ್ಳಾಗುತ್ತದೆ. ಶೇಂಗಾಕ್ಕೆ ಜಿಪ್ಸಂ ಹಾಕಿ ಎಂದು ಕೃಷಿ ಇಲಾಖೆ ಹೇಳುವುದು ಇದಕ್ಕೇ. ಯಂತ್ರದ ಸರದಿ ಬಂದಾಗ ತೇವ ಮುಖ್ಯ. ಕಾಯಿ ಸರಿಯಾಗಿ ಒಣಗಿದ್ದರೆ ಬೀಜ ಕುಗ್ಗಿ ಸಿಪ್ಪೆಯಿಂದ ಬಿಡಿಸಿಕೊಂಡಿರುತ್ತದೆ, ಅಲ್ಲಾಡಿಸಿದರೆ ಸದ್ದು ಬರುತ್ತದೆ. ತೀರಾ ಒಣಗಿದ್ದರೆ ಬೀಜ ಎರಡು ಹೋಳಾಗುತ್ತದೆ. ಹೋಳಾಗದಿರಲಿ ಎಂದು ಕಾಯಿಗೆ ನೀರು ಚಿಮುಕಿಸುವ ಅಭ್ಯಾಸವೂ ಇದೆ. ಅದನ್ನು ಮತ್ತೆ ಒಣಗಿಸದೆ ಮೂಟೆ ಕಟ್ಟಿದರೆ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುವ ಅಪಾಯವಿದೆ.

ದಾವಣಗೆರೆ, ಹಾವೇರಿಯ ಮೆಕ್ಕೆಜೋಳದಲ್ಲಿ ತೆನೆಯ ತೂಕದ ಸುಮಾರು ಶೇ. 80 ಕಾಳು, ಉಳಿದದ್ದು ದಿಂಡು. ತೇವ ಹೆಚ್ಚಿರುವಾಗ ಒಕ್ಕಣೆ ಯಂತ್ರಕ್ಕೆ ಕೊಟ್ಟರೆ ಕಾಳು ದಿಂಡಿನಿಂದ ಸುಲಭವಾಗಿ ಬಿಡುವುದಿಲ್ಲ, ಬಿಟ್ಟ ಕಾಳೂ ಜಜ್ಜುತ್ತದೆ. ಯಂತ್ರವನ್ನು ಅತಿ ವೇಗವಾಗಿ ಓಡಿಸಿದರೆ ಕಾಳು ಸೀಳುತ್ತದೆ. ಬೆಂಬಲ ಬೆಲೆ ಖರೀದಿಯಲ್ಲಿ ತೇವ ಶೇ. 14 ಮೀರಬಾರದು ಎಂಬ ನಿಯಮವಿರುವುದರಿಂದ ನೀರಿನ ತೂಕ ಅಲ್ಲಿ ಲಾಭ ತರುವುದಿಲ್ಲ.

ಕೆಂಪಡಿಕೆಗೆ ಇರುವ ಕಷ್ಟ ಏನೆಂದರೆ ಇದನ್ನು ಹಸಿಯಾಗಿಯೇ ಸುಲಿಯಬೇಕು. ಕರಾವಳಿಯ ಚಾಲಿ ಅಡಿಕೆಯನ್ನು ಸಿಪ್ಪೆ ಸಮೇತ ಒಣಗಿಸುವುದರಿಂದ ಒಳಗಿನ ಅಡಿಕೆ ಶೇಂಗಾದಂತೆಯೇ ಬಿಡಿಸಿಕೊಂಡಿರುತ್ತದೆ. ನಮ್ಮ ಹಸಿ ಕಾಯಿಯಲ್ಲಿ ನಾರು ಬೇಳೆಗೆ ಅಂಟಿಕೊಂಡಿರುತ್ತದೆ, ಬೇಳೆಯೂ ಮೆತ್ತಗಿರುತ್ತದೆ. ಅದಕ್ಕೇ ಯಂತ್ರದ ಹೊಂದಾಣಿಕೆ ಇಲ್ಲಿ ಹೆಚ್ಚು ಮುಖ್ಯ.

ಯಂತ್ರದ ನಷ್ಟ ಕಡಿಮೆ ಮಾಡುವುದು ಹೇಗೆ?

- ಕಾಯಿಯನ್ನು ಗಾತ್ರದ ಪ್ರಕಾರ ಬೇರ್ಪಡಿಸಿ. ಯಂತ್ರದ ಸಂದನ್ನು ದೊಡ್ಡ ಕಾಯಿಗೆ ಇಟ್ಟರೆ ಚಿಕ್ಕದು ಸುಲಿಯದೆ ಹೊರಬರುತ್ತದೆ. ಚಿಕ್ಕದಕ್ಕೆ ಇಟ್ಟರೆ ದೊಡ್ಡದರ ಬೇಳೆಗೆ ಏಟು ಬೀಳುತ್ತದೆ.
- ಎಳೆಯದು, ಬಲಿತದ್ದು, ಹಣ್ಣು ಎಲ್ಲವನ್ನೂ ಬೆರೆಸಿ ಹಾಕಬೇಡಿ.
- ಕೊಯ್ದ ಕಾಯಿಯನ್ನು ಬೇಗ ಸುಲಿಸಿ. ಸಿಪ್ಪೆ ಬಾಡಿದರೆ ನಾರು ಜಿಗುಟಾಗಿ ಸುಲಿಯುವುದು ಕಷ್ಟವಾಗುತ್ತದೆ.
- ಬೇಗ ಮುಗಿಯಲಿ ಎಂದು ಒಮ್ಮೆಲೇ ಸುರಿಯಬೇಡಿ. ಯಂತ್ರ ತಾಳುವಷ್ಟೇ ಕೊಡಿ.
- ಅರ್ಧ ಸುಲಿದ ಕಾಯಿ ನಷ್ಟವಲ್ಲ. ಆರಿಸಿ ಮತ್ತೆ ಹಾಕಬಹುದು ಅಥವಾ ಮೆಟ್ಟುಗತ್ತಿಯಲ್ಲಿ ಬಿಡಿಸಬಹುದು. ಆರಿಸದಿದ್ದರೆ ಮಾತ್ರ ನಷ್ಟ.
- ಮೊದಲ ಹತ್ತು ನಿಮಿಷದ ಸಿಪ್ಪೆಯಲ್ಲಿ ಒಂದು ಬುಟ್ಟಿ ತೆಗೆದು ಹುಡುಕಿ. ಚೂರು ಹೆಚ್ಚಿದ್ದರೆ ಆಗಲೇ ಸಂದು ಸರಿಪಡಿಸಲು ಹೇಳಿ.

ಕೈಯಲ್ಲಿ ಸುಲಿಸುವುದಕ್ಕೆ ಅದರದೇ ಮೇಲ್ಮೆಯಿದೆ. ನುರಿತ ಕೈ ಪ್ರತಿ ಕಾಯಿಯನ್ನೂ ನೋಡಿ, ಅದರ ಎಳಸು-ಬಲಿತಕ್ಕೆ ತಕ್ಕಂತೆ ಕತ್ತಿ ಆಡಿಸುತ್ತದೆ. ಬೆಲೆಬಾಳುವ ಎಳೆ ಸರಕಿಗೆ ಇದು ಹೆಚ್ಚು ಸೂಕ್ತ. ಆದರೆ ಸುಲಿಯುವವರು ಸಿಗದೆ ಕಾಯಿ ರಾಶಿಯಲ್ಲೇ ಬಾಡುವುದಾದರೆ ಆ ಲಾಭ ಉಳಿಯುವುದಿಲ್ಲ.

ನೀವೇ ಪರೀಕ್ಷೆ ಮಾಡಬಹುದು

ಒಂದೇ ದಿನ ಕೊಯ್ದ, ಒಂದೇ ತೋಟದ ಕಾಯಿಯನ್ನು ಚೆನ್ನಾಗಿ ಬೆರೆಸಿ, ಮೇಲಿನ ನೀರು ಆರಿದ ಮೇಲೆ 20 ಕೆ.ಜಿ.ಯ ಎರಡು ಪಾಲು ಮಾಡಿ. ಒಂದನ್ನು ಕೈಯಲ್ಲಿ, ಇನ್ನೊಂದನ್ನು ಯಂತ್ರದಲ್ಲಿ ಸುಲಿಸಿ. ಅರ್ಧ ಸುಲಿದದ್ದನ್ನು ಬಿಡಿಸಿ ಆಯಾ ಪಾಲಿಗೇ ಸೇರಿಸಿ. ಬಟ್ಟೆಯ ಎರಡು ಚೀಲದಲ್ಲಿ ಕಟ್ಟಿ ಒಂದೇ ಹಂಡೆಯಲ್ಲಿ ಒಂದೇ ಹೊತ್ತು ಬೇಯಿಸಿ, ಪಕ್ಕಪಕ್ಕದಲ್ಲೇ ಒಣಗಿಸಿ. ಎರಡು ದಿನ ತೂಗಿದರೂ ತೂಕ ಬದಲಾಗದ ಹಂತಕ್ಕೆ ಬಂದಾಗ ಲೆಕ್ಕ ಬರೆಯಿರಿ. ಇಡೀ ಬೇಳೆ ಎಷ್ಟು, ಒಡಕು ಎಷ್ಟು ಎಂದು ಬೇರೆ ಬೇರೆ ಬರೆದರೆ ಇನ್ನೂ ಒಳ್ಳೆಯದು, ಏಕೆಂದರೆ ಮಾರುಕಟ್ಟೆಯಲ್ಲಿ ಎರಡಕ್ಕೂ ಒಂದೇ ದರವಿಲ್ಲ.

ಕೊಯ್ಲಿನ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಹೀಗೆ ಮಾಡಿದರೆ ನಿಮ್ಮ ತೋಟದ ನಿಜವಾದ ಸಂಖ್ಯೆ ನಿಮ್ಮ ಕೈಯಲ್ಲಿರುತ್ತದೆ. ಚೇಣಿದಾರರ ಜೊತೆ ಮಾತಿಗೆ ಕೂತಾಗ ಗುಂಪಿನಲ್ಲಿ ಬಂದ ಮೆಸೇಜಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಟ್ಟಿನಲ್ಲಿ

ಯಂತ್ರದಲ್ಲಿ ಸುಲಿದರೆ ಸ್ವಲ್ಪ ಚೂರು, ಒಡಕು ಆಗುವುದು ನಿಜ. ಯಂತ್ರ ಸರಿಯಿಲ್ಲದಿದ್ದರೆ ಅದು ಹೆಚ್ಚುವುದೂ ನಿಜ. ಬಿಸಿಗೆ ಸತ್ವ ಹೋಗುತ್ತದೆ ಎನ್ನುವುದು ಸುಳ್ಳು. ಎಲ್ಲ ಯಂತ್ರಕ್ಕೂ ಕ್ವಿಂಟಾಲಿಗೆ ಒಂದು ಕೆ.ಜಿ. ಕಡಿಮೆ ಎನ್ನುವುದಕ್ಕೆ ಲೆಕ್ಕದ ಬೆಂಬಲವಿಲ್ಲ. ಕಾಯಿಯ ಬಲಿತ, ಮರದ ಆರೋಗ್ಯ, ತೂಗಿದ ಹೊತ್ತು, ಒಣಗಿಸಿದ ಮಟ್ಟ ಇವು ಅದಕ್ಕಿಂತ ದೊಡ್ಡ ಕಾರಣಗಳು. ಮುಂದಿನ ಸಲ ಇಂಥ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮೊದಲು ಕಳಿಸಿದವರಿಗೆ ಒಂದು ಪ್ರಶ್ನೆ ಕೇಳಿ: ‘ಹಸಿ ತೂಗಿದ್ದು ಯಾವಾಗ, ಒಣಗಿಸಿದ್ದು ಎಷ್ಟು?’