ಡಿವಿಡೆಂಡ್ ಜತೆಗೆ ಸರ್ವರ್ ಬಗ್ಗೆಯೂ ಕೇಳಿ

ಮುಂಬಯಿ: ಸಂಘದ ವಾರ್ಷಿಕೋತ್ಸವದ ದಿನ ಮೈಕಿನವನು ಕೈಕೊಟ್ಟರೆ ಕಲಾವಿದರು ಬಣ್ಣ ಹಚ್ಚಿ ಕುಳಿತಿದ್ದರೂ ಕಾರ್ಯಕ್ರಮ ನಿಲ್ಲುತ್ತದೆ. ಬ್ಯಾಂಕಿನ ಕಂಪ್ಯೂಟರ್ ವ್ಯವಸ್ಥೆಯೂ ಹಾಗೆಯೇ.

ಯುಪಿಐನಲ್ಲಿ ನೂರು ರೂಪಾಯಿ ಕಳುಹಿಸಲು ಮೊಬೈಲಿನ ಆ್ಯಪ್, ಕೊಡುವವರ ಬ್ಯಾಂಕು, ಪಡೆಯುವವರ ಬ್ಯಾಂಕು, ಇವನ್ನು ಜೋಡಿಸುವ ರಾಷ್ಟ್ರೀಯ ಪಾವತಿ ನಿಗಮ ಹೀಗೆ ಹಲವೆಡೆಯ ಕಂಪ್ಯೂಟರ್‌ಗಳು ಕೈಜೋಡಿಸಬೇಕು. ಒಂದು ಕೊಂಡಿ ಕಳಚಿದರೂ ಹಣ ಮುಂದೆ ಸಾಗದು.

ಸ್ವಂತ ಕಂಪ್ಯೂಟರ್ ಕೇಂದ್ರ ನಡೆಸುವುದು ಸಣ್ಣ ಸಹಕಾರಿ ಬ್ಯಾಂಕುಗಳಿಗೆ ದುಬಾರಿ. ಆದ್ದರಿಂದ ಅನೇಕ ಬ್ಯಾಂಕುಗಳು ಒಂದೇ ಸಂಸ್ಥೆಯ ತಂತ್ರಾಂಶ, ಸರ್ವರ್‌ಗಳನ್ನು ಹಂಚಿಕೊಳ್ಳುತ್ತವೆ. ಖರ್ಚು ಹಂಚಿಹೋಗುತ್ತದೆ, ಅಪಾಯ ಮಾತ್ರ ಒಂದೇ ಕಡೆ ಸೇರುತ್ತದೆ.

2024ರ ಜುಲೈ 31ರಂದು ಇದು ಅನುಭವಕ್ಕೆ ಬಂತು. ಇಂಥ ಸೇವೆ ನೀಡುವ ಸಿ-ಎಡ್ಜ್ ಸಂಸ್ಥೆಯ ಕೆಲವು ಕಂಪ್ಯೂಟರ್‌ಗಳು ಹಣ ಕೀಳುವ ರ‍್ಯಾನ್ಸಮ್‌ವೇರ್ ದಾಳಿಗೆ ಸಿಲುಕಿರಬಹುದೆಂದು ಪಾವತಿ ನಿಗಮವು ಅದರ ಸಂಪರ್ಕವನ್ನು ಕಡಿದುಹಾಕಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರ ಪಾವತಿ ಸೇವೆಗೆ ತೊಡಕಾಯಿತು. ತಪಾಸಣೆಯ ಬಳಿಕ ಮರುದಿನ ಸಂಪರ್ಕ ಮರಳಿತು. ಕೆಟ್ಟ ಕೊಂಡಿಯನ್ನು ಬೇರ್ಪಡಿಸಲು ಸಾಧ್ಯವಿದ್ದುದರಿಂದ ಉಳಿದ ಬ್ಯಾಂಕುಗಳ ವ್ಯವಹಾರ ನಡೆಯಿತೆಂಬುದು ಗಮನಾರ್ಹ.

ತಂತ್ರಾಂಶದೊಳಗಿನ ಬಿಡಿಭಾಗಗಳ ಪಟ್ಟಿ ಇಟ್ಟುಕೊಳ್ಳುವ ಕುರಿತು ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಯಾವುದು ಯಾವುದನ್ನು ಅವಲಂಬಿಸಿದೆ ಎಂಬುದು ತಿಳಿದಿದ್ದರೆ ತಾನೇ ದುರಸ್ತಿ ಸುಲಭ?

ಸಹಕಾರಿ ಬ್ಯಾಂಕಿನ ಮಹಾಸಭೆಯಲ್ಲಿ ಡಿವಿಡೆಂಡ್ ಎಷ್ಟೆಂದು ಕೇಳುವ ಸದಸ್ಯರು ಇನ್ನೆರಡು ಪ್ರಶ್ನೆ ಕೇಳುವುದೊಳಿತು: ನಮ್ಮ ಲೆಕ್ಕ ಯಾರ ಸರ್ವರ್‌ನಲ್ಲಿದೆ? ಅದು ನಿಂತರೆ ಬದಲಿ ವ್ಯವಸ್ಥೆ ಏನು?