ನಿಮಗಿದು ಗೊತ್ತೆ?: ಕಾಂಡದೊಳಗೆ ಬಾಳುವ ನೊಣ

ಬೀದರ್, ಬೆಳಗಾವಿ, ಧಾರವಾಡದ ಸೋಯಾ ಅವರೆ ಹೊಲಗಳಲ್ಲಿ ಕಾಣಿಸುವ ಕಾಂಡ ನೊಣದ ಉದ್ದ ಸುಮಾರು 2 ಮಿ.ಮೀ., ಬಣ್ಣ ಮಿರುಗುವ ಕಪ್ಪು. ಹೆಣ್ಣು ನೊಣ ಎಲೆಗೆ ಚುಚ್ಚಿ ಅದರೊಳಗೆ ಮೊಟ್ಟೆಯಿಡುತ್ತದೆ. ಮರಿಹುಳು ಎಲೆಯ ನರ, ತೊಟ್ಟುಗಳಲ್ಲೇ ಕೊರೆಯುತ್ತ ಕಾಂಡ ಸೇರಿ, ತಿರುಳು ತಿಂದು ಬೆಳೆಯುತ್ತದೆ. ಹೊರಗೆ ಹಸಿರಾಗಿ ನಿಂತ ಗಿಡವನ್ನು ಉದ್ದಕ್ಕೆ ಸೀಳಿದರೆ ಮಾತ್ರ ಅಂಕುಡೊಂಕಾದ ಕೆಂಪು ಸುರಂಗ ಕಾಣುತ್ತದೆ.

ಇನ್ನೊಂದು ಜಾಣತನ ಕೇಳಿ: ರೆಕ್ಕೆ ಬಂದ ನೊಣಕ್ಕೆ ಕಾಂಡ ಕೊರೆಯುವ ಬಾಯಿಲ್ಲ. ಹಾಗಾಗಿ ಹುಳುವೇ ಕೋಶವಾಗುವ ಮುನ್ನ ಹೊರದಾರಿ ಕೊರೆದಿಡುತ್ತದೆ!

ಹೆಸರು, ಉದ್ದಿನ ಗಿಡಗಳಿಗೂ ಇದರ ಕಾಟವಿದೆ. ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲಿ ಹಳಬನಾದ ಈ ನೊಣ ಈಗ ಬ್ರೆಜಿಲ್‌ನ ಸೋಯಾ ಹೊಲಗಳಿಗೂ ಕಾಲಿಟ್ಟಿದೆ.